ಗರುಡನ ಅಣ್ಣ

ಅಪ್ಪಾ,

ಮೊಮ್ಮಗಳಿಗೆ ಅರ್ಧ ಕಥೆ ಹೇಳಿ ನೀವು ಬಸ್ಸು ಹತ್ತಿಬಿಟ್ಟಿರಿ, ಇಲ್ಲಿ ಅನುಭವಿಸುತ್ತಿರುವವಳು ನಾನು. ಗರುಡನ ತಾಯಿ ಆತುರಪಟ್ಟು ಮೊದಲ ಮೊಟ್ಟೆ ಒಡೆದಳು, ಮಗು ಅರ್ಧಂಬರ್ಧ ಬೆಳೆದು ಹೊರಬಂತು ಎಂದಿರಂತೆ. ಅಂದಿನಿಂದ ಇವಳು ದಾಸವಾಳದ ಗಿಡದಲ್ಲಿರುವ ಪಿಕಳಾರದ ಗೂಡಿಗೆ ಕಾವಲು ಕೂತಿದ್ದಾಳೆ. ಪಕ್ಕದ ತಂತಿಯ ಮೇಲೆ ಬಟ್ಟೆ ಒಣಹಾಕಲೂ ಬಿಡುವುದಿಲ್ಲ. ಮನೆಯ ಕುರ್ಚಿಗಳೆಲ್ಲ ಒದ್ದೆ.

ಅದನ್ನೂ ಸಹಿಸಿಕೊಂಡೆ. ನಿನ್ನೆ ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ತಮ್ಮನನ್ನು ನೋಡುತ್ತಾ ಕೇಳಿದಳು: “ಅಮ್ಮಾ, ಪಾಪು ಎರಡು ತಿಂಗಳು ಮುಂಚೆನೇ ಬಂದ್ಬಿಡ್ತಲ್ಲ, ನೀನೂ ಆತುರ ಮಾಡಿದ್ಯಾ?”

ಭಾನುವಾರ ತಪ್ಪದೆ ಬನ್ನಿ. ಗರುಡನ ಆ ಅಣ್ಣನೇ ಮುಂದೆ ಸೂರ್ಯನ ರಥಕ್ಕೆ ಸಾರಥಿಯಾದ ಎಂಬುದನ್ನೂ ಅವಳಿಗೆ ಹೇಳಿ. ಸ್ವಲ್ಪ ಗಟ್ಟಿಯಾಗಿಯೇ ಹೇಳಿ. ನಾನೂ ಕೇಳಿಸಿಕೊಳ್ಳಬೇಕು.

ಇಂತಿ,
ನಿಮ್ಮ ಮಗಳು