ಗುರುಬಸಪ್ಪನ ಸೀಸೆ

ಜಯನಗರ ನಾಲ್ಕನೇ ಬ್ಲಾಕ್, ಬೆಂಗಳೂರು
೨೩-೮-೧೯೬೩

ಕ್ಯಾಪ್ಟನ್ ಜಯದೇವಪ್ಪನವರಿಗೆ,

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಿಮ್ಮ ತಾಯಿ ಹೇಳಿಕೊಟ್ಟಿದ್ದರು. ಹದಿನಾರು ವರ್ಷ ಹೇಳಲಿಲ್ಲ. ಆ ಕೆಲಸವನ್ನು ನೀವೇ ಅಷ್ಟು ಚೆನ್ನಾಗಿ ಮಾಡಿಕೊಳ್ಳುತ್ತಿರುವಾಗ ನಾನು ಬಾಯಿ ಕಟ್ಟಿಕೊಂಡು ಏನು ಪ್ರಯೋಜನ ಎಂದು ಇವತ್ತು ಬರೆದೇಬಿಟ್ಟೆ. ಆರೋಗ್ಯವೇ? ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೀರಾ? ಚುಚ್ಚಿಕೊಂಡ ಮೇಲೆ ಊಟ ಮಾಡುತ್ತಿದ್ದೀರಾ? ಇಲ್ಲಿ ನಾನು, ಮಗಳು ಕಮಲಾ ಕ್ಷೇಮ.

ಸೋಮವಾರ ಪೈಲಟ್‌ಗಳ ಆರೋಗ್ಯ ಪರೀಕ್ಷೆ ಮುಗಿಸಿ ಅಲ್ಲಿಂದಲೇ ವಿಮಾನ ಹತ್ತಿ ಹೈದರಾಬಾದಿಗೆ ಹಾರಿದ ನೀವು ಬರೆದ ಕಾಗದ ಬಂತು. ಮೆಡಿಕಲ್ ಸಲೀಸಾಗಿ ಮುಗಿಯಿತು, ಇನ್ನಾರು ತಿಂಗಳು ಯೋಚನೆಯಿಲ್ಲ ಎಂದಿದ್ದೀರಿ. ಪಾಸಾಗುವವನು ಯಾವಾಗಲೂ ನಿಮ್ಮ ತಮ್ಮ ಗುರುಬಸಪ್ಪ. ಮೂರು ವರ್ಷದಿಂದ ನಡೆದುಬಂದ ಪದ್ಧತಿ. ಪರೀಕ್ಷೆಯ ಬೆಳಿಗ್ಗೆ ಅವನು ಬನಶಂಕರಿಯಿಂದ ಸೈಕಲ್ ತುಳಿದುಕೊಂಡು ಬಂದು, ಬಚ್ಚಲಿಗೆ ಹೋಗಿ, ಔಷಧದ ಸೀಸೆಯಲ್ಲಿ ತನ್ನ ಮೂತ್ರ ತುಂಬಿ ಕೊಡುವುದು. ನೀವು ಅದನ್ನು ಕೋಟಿನ ಒಳಜೇಬಿಗೆ ಇಳಿಸಿ, ಆಸ್ಪತ್ರೆಯ ಕಕ್ಕಸಿನಲ್ಲಿ ಅವರ ಬಾಟಲಿಗೆ ಬಗ್ಗಿಸುವುದು. ಅಣ್ಣನಿಗಾಗಿ ರಕ್ತ ಕೊಟ್ಟ ತಮ್ಮಂದಿರ ಕಥೆ ಕೇಳಿದ್ದೆ, ನಮ್ಮ ಮನೆಯದೇ ಬೇರೆ. ಆಮೇಲೆ ಅವನಿಗೆ ಉಪ್ಪಿಟ್ಟು ಮಾಡಿ ಬಡಿಸುವುದು ನಾನು.

ಕೇಳಿದರೆ ನಿಮ್ಮದು ಒಂದೇ ಮಾತು: "ಇನ್ಸುಲಿನ್ ತಗೊಳ್ಳೋನು ಪ್ಲೇನ್ ಓಡಿಸ್ಬಾರ್ದು ಅಂತ ರೂಲ್ಸ್ ಮಾಡಿದೋನು ಫ್ಯಾನ್ ಕೆಳಗೆ ಕೂತಿರ್ತಾನೆ ಕಣೇ. ನಂಗೇನಾಗಿದೆ?" ಏನಾಗಿದೆ ಎಂದು ಕಳೆದ ತಿಂಗಳು ನಮ್ಮ ಹಜಾರದಲ್ಲೇ ನೋಡಿದೆವಲ್ಲ. ಸೂಜಿ ಚುಚ್ಚಿಕೊಂಡು, ಮುದ್ದೆ ಆರಲಿ ಎಂದು ಪೇಪರು ಹಿಡಿದು ಕೂತಿರಿ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ. ಕಮಲಾಳನ್ನು ನೋಡಿ "ಯಾರಮ್ಮಾ ನೀನು, ಯಾರ ಮನೆ ಬೇಕಿತ್ತು?" ಎಂದಿರಿ. ಬೆಲ್ಲದ ನೀರು ಗಂಟಲಿಗಿಳಿಯುವ ತನಕ ಸ್ವಂತ ಮಗಳ ಗುರುತಿರಲಿಲ್ಲ. ಆಕಾಶದಲ್ಲಿ ಬೆಲ್ಲದ ನೀರು ಹಿಡಿದು ಬರುವವರು ಯಾರು? ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುತ್ತಾನೆ ಎನ್ನುತ್ತೀರಿ; ಅವನ ಸೀಸೆ ಯಾವ ತಮ್ಮನದೋ. ಹಿಂದೆ ಕೂತ ಇಪ್ಪತ್ತೆಂಟು ಜನ ನಿಮಗೆ ಏನು ಅನ್ಯಾಯ ಮಾಡಿದ್ದಾರೆ? ಮೊದಲು ನಿಮ್ಮನ್ನು ನೆನೆದರೆ ಹೆದರಿಕೆಯಾಗುತ್ತಿತ್ತು. ಈಗ ಅಸಹ್ಯವಾಗುತ್ತದೆ.

ಕಮಲಾ ನಮಸ್ಕಾರ ತಿಳಿಸಿದ್ದಾಳೆ. ನನ್ನದನ್ನು ನೀವೇ ಊಹಿಸಿಕೊಳ್ಳಿ.

ಇನ್ನೂ ಮುತ್ತೈದೆಯಾಗಿರುವ,
ಗಿರಿಜಾದೇವಿ

ಮರೆತಿದ್ದೆ: ಸೋಮವಾರ ನೀವು ಸ್ನಾನಕ್ಕೆ ಹೋದಾಗ ಗುರುಬಸಪ್ಪನ ಸೀಸೆಯನ್ನು ಹಿತ್ತಿಲ ಬಾಳೆಯ ಬುಡಕ್ಕೆ ಚೆಲ್ಲಿದೆ. ಮನೆಯಲ್ಲೇ ಸಕ್ಕರೆ ನೋಡಿಕೊಳ್ಳಲು ನೀವು ಬೆಳಗಿನ ಮೂತ್ರವನ್ನು ಲೋಟದಲ್ಲಿ ಹಿಡಿದಿಟ್ಟಿದ್ದಿರಲ್ಲ, ಅದನ್ನೇ ತುಂಬಿ ಬಿರಡೆ ಹಾಕಿದೆ. ನೀವು ಕೊಟ್ಟುಬಂದದ್ದು ನಿಮ್ಮದನ್ನೇ. ರಿಪೋರ್ಟು ಬರುವ ಬುಧವಾರ ಬರುತ್ತದೆ. ಅವರು ಇಳಿಸುವ ಮೊದಲು ನೀವೇ ಇಳಿದು, ರೈಲಿನಲ್ಲಿ ಮನೆಗೆ ಬನ್ನಿ. ಕಮಲಾ ಬೆಲ್ಲದ ಡಬ್ಬಿಯನ್ನು ಹಜಾರಕ್ಕೇ ತಂದಿಟ್ಟುಕೊಂಡಿದ್ದಾಳೆ.