ಮಗಳ ಭಾಷಣ, ನನ್ನ ಸಹಿ

ಫೆಬ್ರವರಿ 3, ಸೋಮವಾರ, ಬೆಳಿಗ್ಗೆ

ವಾಕಿಂಗ್ ಆಯಿತು. ಸಕ್ಕರೆಯಿಲ್ಲದ ಚಹಾ ಆಯಿತು. ಜೊತೆಗಾರ, ನಮ್ಮ ಬೀದಿಯ ಹಳೇ ಪೋಸ್ಟ್‌ಮ್ಯಾನ್, ಇವತ್ತೂ ಮೊಣಕಾಲಿನ ಪುರಾಣ ಬಿಚ್ಚಿದ — ರಿಟೈರ್ ಆದ ಮೇಲೆ ಸೈಕಲ್ ಮಾರಿದೆ, ನೋವನ್ನು ಯಾರೂ ಕೊಳ್ಳಲಿಲ್ಲ ಎನ್ನುತ್ತಾನೆ.

ಹೆಡ್‌ಮಿಸ್ ಫೋನ್ ಮಾಡಿದ್ದರು. ನಾನು ಮೂವತ್ತು ವರ್ಷ ಗುಮಾಸ್ತನಾಗಿದ್ದ ಹೆಣ್ಣುಮಕ್ಕಳ ಶಾಲೆ. ವಿಮಾನ, ವಿಜ್ಞಾನ ಅಂತ ಕೆಲಸ ಮಾಡುವ ಹೆಂಗಸರನ್ನು ಕರೆಸಿ ಮಾತಾಡಿಸುತ್ತಿದ್ದಾರೆ. ಹೋದ ವಾರ ಹವಾಮಾನ ಇಲಾಖೆಯವರು. ಈ ಶುಕ್ರವಾರ ನನ್ನ ಮಗಳು, ವಿಮಾನ ರಿಪೇರಿಯ ಎಂಜಿನಿಯರ್. "ಪರಿಚಯ ನೀವೇ ಮಾಡ್ಕೊಡಿ ಸಾರ್. ಇಂಗ್ಲಿಷ್‌ನಲ್ಲಿ."

ಹೂಂ ಅಂದೆ.

ಫೆಬ್ರವರಿ 4, ಮಧ್ಯಾಹ್ನ

ಇಟ್ ಗಿವ್ಸ್ ಮಿ ಇಮ್ಮೆನ್ಸ್ ಪ್ಲೆಶರ್ ಟು... ಮುಂದಿನದು ನೆನಪಿಲ್ಲ. ಬಿ.ಎ.ಯಲ್ಲಿ ಉರು ಹೊಡೆದದ್ದು. ಪ್ರೌಡ್ ಫಾದರ್ ಎಂದು ಬರೆದೆ. ಹೊಡೆದುಹಾಕಿದೆ.

ಬೀರುವಿನ ಮೇಲಿನ ಡಬ್ಬಿ ಇಳಿಸಿದೆ. ತೀರಿಕೊಂಡ ಹೆಂಡತಿಯ ಕನ್ನಡಕದ ಕೆಳಗೆ ಲಕೋಟೆ ಹಾಗೇ ಇದೆ. ಹತ್ತೊಂಬತ್ತು ವರ್ಷ. ಮಗಳಿಗೆ ಬಂದ ವಿಮಾನ ರಿಪೇರಿ ಟ್ರೇನಿಂಗಿನ ಇಂಟರ್‌ವ್ಯೂ ಕರೆ. ಸಹಿ ಹಾಕಿ ತೆಗೆದುಕೊಂಡವನು ನಾನು. ಬಚ್ಚಿಟ್ಟವನೂ ನಾನು. ಹುಡುಗಿ ಗ್ರೀಸ್ ಮೆತ್ತಿಕೊಂಡು ಗಂಡಸರ ನಡುವೆ ನಟ್ಟು ಬಿಗಿಯುವುದೇ — ತಲೆಗೆ ಹೋದದ್ದು ಅಷ್ಟೇ. "ವಿಚಾರಿಸಿದೆ, ಪೋಸ್ಟ್‌ಮ್ಯಾನ್ ಎಲ್ಲೋ ಬೀಳಿಸಿಕೊಂಡಿದ್ದಾನೆ" ಅಂದೆ. ನಂಬಿದಳು.

ಹೆಂಡತಿ ಡಬ್ಬಿ ತೆಗೆದಾಗ ನೋಡಿಬಿಟ್ಟಳು. ಬೈಯಲಿಲ್ಲ. ಮರುವರ್ಷ ಕರೆ ಬರುವ ತಿಂಗಳು ಪೂರ್ತಿ, ಟಪಾಲಿನ ಹೊತ್ತು ಹನ್ನೊಂದು ಗಂಟೆಗೆ ಗೇಟಿನಲ್ಲಿ ನಿಂತಳು. ಪೋಸ್ಟ್‌ಮ್ಯಾನ್ ಮೇಲೆ ಅಪನಂಬಿಕೆ ಎಂದುಕೊಂಡಳು ಮಗಳು. ಕಾವಲು ಯಾರ ಮೇಲೆ ಅಂತ ನನಗೆ ಗೊತ್ತಿತ್ತು.

ಫೆಬ್ರವರಿ 7, ಶುಕ್ರವಾರ, ಸಂಜೆ

ಪರಿಚಯ ಎರಡೇ ವಾಕ್ಯಕ್ಕೆ ಕೆಟ್ಟು ನಿಂತಿತು. "ಸಾಕು ಬಾ ಅಪ್ಪ, ಎಂಜಿನ್ ಬಿಸಿಯಾಯ್ತು" ಅಂದಳು ಮಗಳು. ಹಾಲ್ ಪೂರ್ತಿ ನಗು.

ಒಂದು ಹಲಗೆ ತಂದಿದ್ದಳು. ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರ ಬಣ್ಣದಲ್ಲಿ ಬರೆದಿದೆ. ಕೆಲಸ ಮುಗಿದ ಮೇಲೆ ಒಂದು ಆಕಾರ ಖಾಲಿ ಉಳಿದರೂ ವಿಮಾನ ಹೊರಡುವಂತಿಲ್ಲ. ಒಮ್ಮೆ ಇವಳ ಟಾರ್ಚ್ ರೆಕ್ಕೆಯೊಳಗೇ ಉಳಿಯಿತಂತೆ. ತಾನೇ ಓಡಿಹೋಗಿ ಹೇಳಿದಳಂತೆ.

"ಬೈಲಿಲ್ವಾ ಮಿಸ್?" — ಮೊದಲ ಸಾಲಿನ ಎರಡು ಜಡೆ. ಪೋಸ್ಟ್‌ಮ್ಯಾನ್‌ನ ಮೊಮ್ಮಗಳು. ಇದು ಅವಳ ಆರನೆಯ ಪ್ರಶ್ನೆ.

"ಹೇಳಿದ್ರೆ ಬೈಯಲ್ಲ. ಮುಚ್ಚಿಟ್ರೆ ಬಿಡಲ್ಲ."

ಏಳನೆಯದೂ ಅವಳದೇ: "ನಿಮಗೆ ಯಾರಾದ್ರೂ ಅಡ್ಡ ಬಂದ್ರಾ?"

ಮಗಳು ನನ್ನ ಕಡೆ ನೋಡಿ ನಕ್ಕಳು. "ಮನೇಲಿ ಯಾರೂ ಇಲ್ಲ. ನಮ್ಮ ಬೀದಿ ಪೋಸ್ಟ್‌ಮ್ಯಾನ್ ಒಬ್ರು ಲೆಟರ್ ಕಳೆದ್ರು. ಒಂದು ವರ್ಷ ಹೋಯ್ತು, ಅಷ್ಟೆ."

ಎರಡು ಜಡೆ ಮತ್ತೆ ಕೈ ಎತ್ತಲಿಲ್ಲ.

ಫೆಬ್ರವರಿ 8

ಪಾರ್ಕಿಗೆ ಪೋಸ್ಟ್‌ಮ್ಯಾನ್ ಬರಲಿಲ್ಲ. ಒಬ್ಬನೇ ಎರಡು ಸುತ್ತು.

ಫೆಬ್ರವರಿ 9, ಬೆಳಿಗ್ಗೆ 7

ಬಂದ. ಒಂದು ಸುತ್ತು ಹಾಕಿದೆವು. ಆಮೇಲೆ — "ರಿಜಿಸ್ಟರ್ಡ್ ಅದು ಸಾಹೇಬ್ರೇ. ನಿಮ್ಮ ಕೈಗೇ ಕೊಟ್ಟಿದ್ದೆ. ನನ್ ಪೆನ್ನಲ್ಲೇ ಸೈನ್ ಹಾಕಿದ್ರಿ. ಪೆನ್ನೂ ವಾಪಸ್ ಬರ್ಲಿಲ್ಲ." ನಗಲು ನೋಡಿದ, ಆಗಲಿಲ್ಲ.

"ಮೊಮ್ಮಗಳಿಗೆ ಹೇಳ್ಬೇಕಿತ್ತು" ಅಂದೆ.

"ನಿಮ್ಮ ಮನೆ ಮಾತು, ನಾನ್ಯಾಕೆ ಬೀದಿಗೆ ತರ್ಲಿ? ಆದ್ರೆ ಬರೋ ಶನಿವಾರ ಶಾಲೆ ಬಸ್ಸು ವಿಮಾನ ರಿಪೇರಿ ಮಾಡೋ ಹ್ಯಾಂಗರ್ ನೋಡೋಕೆ ಹೋಗ್ತಿದೆ. ಇವಳು ಒಲ್ಲೆ ಅಂತಾಳೆ. ನಮ್ಮ ತಾತ ಹಿಂಗೆ ಮಾಡಿರೋವಾಗ ಆ ಮಿಸ್ ಮುಖ ಹೆಂಗೆ ನೋಡ್ಲಿ ಅಂತ ಅಳ್ತಾಳೆ."

ಫೆಬ್ರವರಿ 10

ಮಗಳಿಗೆ ಮೂರು ಸಲ ಫೋನ್. ಎರಡು ಸಲ ನಾನೇ ಕಟ್ ಮಾಡಿದೆ. ಮೂರನೆಯ ಸಲ ಊಟ ಆಯ್ತಾ ಅಂತ ಕೇಳಿದೆ. "ಬೆಳಿಗ್ಗೆ ಹತ್ತು ಗಂಟೆಗಾ? ನೀನು ಮಾತ್ರೆ ತಗೊಂಡ್ಯಾ ಇಲ್ವಾ ಅಪ್ಪ?"

ಫೆಬ್ರವರಿ 13

ರೆಸ್ಟ್‌ಲೆಸ್. ಈ ಇಂಗ್ಲಿಷ್ ಮಾತ್ರ ಮರೆತಿಲ್ಲ. ಡಬ್ಬಿ ಇಳಿಸು, ಏರಿಸು. ಇಳಿಸು.

ಫೆಬ್ರವರಿ 15, ಶನಿವಾರ, ಬೆಳಿಗ್ಗೆ 8.10

ಮಗಳು ಬಂದಿದ್ದಾಳೆ, ಮಕ್ಕಳ ಬಸ್ಸಿನಲ್ಲೇ ಹೋಗಲು. ಲಕೋಟೆ ಕೈಗಿಟ್ಟೆ. ಮುದ್ರೆಯ ತಾರೀಖು ನೋಡಿದಳು. ತಿರುಗಿಸಿ ಮತ್ತೆ ನೋಡಿದಳು.

"ಅಮ್ಮ ಗೇಟಲ್ಲಿ ನಿಲ್ತಿದ್ದಿದ್ದು..."

"ಹೂಂ." ಎರಡು ಜಡೆಯ ಹುಡುಗಿ ಪೋಸ್ಟ್‌ಮ್ಯಾನ್‌ನ ಮೊಮ್ಮಗಳು, ಬಸ್ಸಿಗೆ ಒಲ್ಲೆ ಅಂದಿದ್ದಾಳೆ ಎಂದೂ ಹೇಳಿದೆ.

ಮುಖ ತೊಳೆಯಲು ಹೋದಳು. ನಲ್ಲಿ ಸುಮ್ಮನೆ ಹರಿಯುತ್ತಲೇ ಇತ್ತು. ಹೊರಬಂದು, "ಒಂಬತ್ತಕ್ಕೆ ಬಸ್ಸು. ಚಪ್ಪಲಿ ಹಾಕ್ಕೊಳ್ಳಿ. ಮೊದಲು ಆ ಹುಡುಗಿ ಮನೆ. ನಾನು ಬಾಯಿ ಬಿಡಲ್ಲ. ನೀವೇ ಹೇಳ್ಬೇಕು." ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವಳು.

ಬಾಗಿಲಲ್ಲಿ ನಿಂತಿದ್ದಾಳೆ. ಶುರು ಹೇಗೆ ಅಂತ ಬರೆದುಕೊಂಡಾದರೂ ಹೋಗುತ್ತೇನೆ. ಇಂಗ್ಲಿಷ್ ಬೇಡ.

ಪುಟ್ಟಿ, ನಿಮ್ಮ ತಾತ ಲೆಟರ್ ಕಳೆದಿರಲಿಲ್ಲ. ತಂದು ನನ್ನ ಕೈಗೇ ಕೊಟ್ಟಿದ್ದರು. ನಾನು