ನೀರು ಎರಚದ ಬೀದಿ

ಕೆತ್ಸಾಲ್ತೆನಾಂಗೊ,
ಸೆಪ್ಟೆಂಬರ್ ೧೬

ಪ್ರೀತಿಯ ರೊಹೆಲಿಯೋ,

ನಿನ್ನ ಕಾಗದ ಬಂತು. "ಓಡೋಕೆ ಹೋಗಿಯೇ ನಮ್ಮ ಮಗಳು ಲಾರಿಗೆ ಸಿಕ್ಕಿದ್ದು. ಈಗ ನಿನಗೂ ಅದೇ ಹುಚ್ಚಾ? ಬಿಟ್ಟು ಕರಾವಳಿಗೆ ಬಾ, ಇಲ್ಲಾಂದ್ರೆ ನಾನು ಸತ್ತೆ ಅಂತ ತಿಳ್ಕೊ" ಎಂದು ಬರೆದಿದ್ದೀಯ. ಓದಿ ಮೈಯೆಲ್ಲ ಉರಿಯಿತು. ಆಮೇಲೆ ನಿನ್ನ ಅಕ್ಷರ ನಡುಗಿರುವುದು ಕಂಡು ಅಳು ಬಂತು.

ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನಗೆ ಗೊತ್ತಿದ್ದದ್ದು ಮನೆ, ಇಗರ್ಜಿ, ಸಂತೆ ಅಷ್ಟೇ. ಊರು ಗೊತ್ತಿದ್ದದ್ದು ನಮ್ಮ ನೊಹೆಮಿಗೆ. ಅವಳು ಹೋಗಿ, ನೀನೂ ಕರಾವಳಿಗೆ ಹೊರಟುಹೋದ ಮೇಲೆ ಮನೆಯೊಳಗೆ ಕೂರಲಾಗಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ಎಳೆದುಕೊಂಡು ಹೊರಬಿದ್ದೆ. ನಡೆದೆ, ತಡೆಯಲಾರದೆ ಓಡಿದೆ. ಇಲ್ಲಿಯ ಚಳಿಯಲ್ಲಿ ಕಣ್ಣು ಮೂಗು ಸುರಿಸಿಕೊಂಡು ಓಡಿದರೆ ಯಾರೂ ಏನೂ ಕೇಳುವುದಿಲ್ಲ ನೋಡು.

ಹಾಗೆ ಓಡುತ್ತ ಊರು ತಿಳಿಯಿತು. ಬಸ್ಸಿನಲ್ಲಿ ಕೂತವರಿಗೆ ಏರು ಗೊತ್ತಾಗುವುದಿಲ್ಲ, ನನ್ನ ಮೊಣಕಾಲಿಗೆ ಒಂದೊಂದೂ ಗೊತ್ತು. ಯಾವ ಓಣಿಗೆ ಮೊದಲು ಬಿಸಿಲು ಬೀಳುತ್ತದೆ, ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚಿಯೇ ತೀರುತ್ತದೆ, ಎಲ್ಲ ಗೊತ್ತು. ಈಗ ಊರೆಲ್ಲ ನನಗೆ ಅಂಗೈಯಷ್ಟು ಪರಿಚಯ. ಬೇಕರಿಯ ಕ್ಲೆಮೆನ್ಸಿಯಾ ಒಂದು ದಿನ ಅಡ್ಡ ನಿಂತು, "ನೀವು ನೊಹೆಮಿಯ ಅಮ್ಮ ಅಲ್ವಾ? ಆ ಪೋರಿ ನನ್ನ ಬ್ರೆಡ್ಡು ಸೀದೋಗಿದೆ ಅಂತ ಹಾಡು ಕಟ್ಟಿ ಹಾಡ್ಕೊಂಡು ಓಡೋಗ್ತಿದ್ಳು!" ಎಂದು ನಗುತ್ತಲೇ ಅತ್ತುಬಿಟ್ಟಳು. ನಮ್ಮೆದುರು ಒಂದು ಸಾಲೂ ಹಾಡದ ಹುಡುಗಿ, ರೊಹೆಲಿಯೋ! ತಿರುವಿಗೊಬ್ಬರು ಹೀಗೆ ಅವಳನ್ನು ಒಂದಿಷ್ಟು ನನಗೆ ಕೊಡುತ್ತಾರೆ. ಅದಿಲ್ಲದಿದ್ದರೆ ನಾನು ಎಂದೋ ಹಾಸಿಗೆ ಹಿಡಿಯುತ್ತಿದ್ದೆ.

ಮೊನ್ನೆ ಸ್ವಾತಂತ್ರ್ಯದ ಪಂಜಿನ ಓಟ ಇತ್ತು. ನಮ್ಮ ಓಣಿಯವರು ಪಂಜು ಹಿಡಿದು ಓಡುವ ನೊಹೆಮಿಯ ಸರದಿಯನ್ನು ನನಗೆ ಕೊಟ್ಟರು. "ಗ್ವಾಟೆಮಾಲಾ ಬಾಳಲಿ" ಎಂದು ಕೂಗುತ್ತ ಓಡುವವರ ಮೇಲೆ ಬೀದಿಯವರು ನೀರು ಎರಚಿ ಗೇಲಿ ಮಾಡುತ್ತಾರಲ್ಲ, ಪ್ರತಿವರ್ಷ ಅವಳು ತೊಯ್ದ ಕೋಳಿಯ ಹಾಗೆ ಮನೆಗೆ ಬರುತ್ತಿದ್ದಳು. ನನ್ನ ಮೇಲೆ ಒಬ್ಬರೂ ಒಂದು ಹನಿ ಹಾಕಲಿಲ್ಲ. ಮುಂದಿನವರಿಗೆ, ಹಿಂದಿನವರಿಗೆ ಎರಚಿದವರು ನಾನು ಬಂದೊಡನೆ ಬಕೆಟ್ಟು ಕೆಳಗಿಟ್ಟು ಟೋಪಿ ತೆಗೆದರು. ಮರ್ಯಾದೆಗೇ ಹಾಗೆ ಮಾಡಿದ್ದು, ಗೊತ್ತು. ಆದರೆ ಅವಳನ್ನು ಎರಡನೇ ಸಲ ಮಣ್ಣು ಮಾಡಿದಂತಾಯಿತು. ನಡುಬೀದಿಯಲ್ಲಿ ನಿಂತು, "ಎರಚ್ರೋ! ನಾನೇನು ಹೆಣದ ಹಿಂದೆ ಹೊರಟಿದೀನಾ?" ಎಂದು ಕಿರುಚಿಬಿಟ್ಟೆ. ಯಾರೂ ಅಲುಗಲಿಲ್ಲ. ಕೊನೆಗೆ ಕ್ಲೆಮೆನ್ಸಿಯಾ ಬಂದು ತುಂಬಿದ ಬಕೆಟ್ಟನ್ನು ನನ್ನ ತಲೆಗೇ ಸುರಿದು, "ಓಡೇ ಮುದುಕಿ! ನಿನ್ನ ಮಗಳಾಗಿದ್ರೆ ಇಷ್ಟೊತ್ತಿಗೆ ಗುಡ್ಡ ಹತ್ತಿರೋಳು!" ಎಂದು ಬೈದಳು. ಪಂಜು ಆರಿಹೋಯಿತು. ಬೀದಿಯೆಲ್ಲ ನಕ್ಕಿತು, ಆಮೇಲೆ ಎಲ್ಲ ಕಡೆಯಿಂದ ನೀರು ಬಂತು. ಅವಳು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಅದಕ್ಕೇ ನಾನು ಬರುವುದಿಲ್ಲ. ಕರಾವಳಿಯಲ್ಲಿ ಅವಳನ್ನು ಕಂಡವರು ನಿನ್ನ ಬಿಟ್ಟು ಯಾರಿದ್ದಾರೆ? ನೀನೋ ಅವಳ ಹೆಸರೆತ್ತಿದರೆ ಎದ್ದು ಹೋಗುತ್ತೀಯ. ನಿನ್ನ ಮೇಲೆ ಪ್ರೀತಿ ಬತ್ತಿಲ್ಲ, ದೇವರಾಣೆಗೂ ಇಲ್ಲ. ನೀನು ಸತ್ತೆ ಎಂದು ತಿಳಿದುಕೊಳ್ಳಲು ನನ್ನಿಂದಾಗದು. ಈ ಮನೆಗೆ ಒಂದು ಸಾವು ಸಾಕು.

ಈಗಲೂ ನಿನ್ನವಳೇ,
ಎಡೆಲ್ಮೀರಾ

ತಾ.ಕ.: ಊರೆಲ್ಲ ಪರಿಚಯ ಎಂದು ಬರೆದದ್ದು ಸುಳ್ಳು. ಲಾರಿ ಅವಳಿಗೆ ಬಡಿದ ರಸ್ತೆಗೆ ನಾನಿನ್ನೂ ಕಾಲಿಟ್ಟಿಲ್ಲ. ತಿರುವಿನವರೆಗೆ ಹೋಗುತ್ತೇನೆ, ಅಲ್ಲಿಂದಾಚೆ ಕಾಲು ಏಳುವುದಿಲ್ಲ. ಒಂದೇ ದಿನದ ಮಟ್ಟಿಗೆ ಬಾ, ರೊಹೆಲಿಯೋ. ಓಡುವುದೇನೂ ಬೇಡ, ನನ್ನ ಜೊತೆ ನಡೆದರೆ ಸಾಕು.